ನನ್ನ ಲೋಟದ ಸೂಪು

ನಾನು ಎಲೆ ಅಡಿಕೆ ಹಾಕುವವಳಲ್ಲ. ಆದರೂ ಅವತ್ತು ಬಚ್ಚಲ ಕಲ್ಲಿನ ಮೇಲೆ ಉಗುಳಿದ್ದು ಕೆಂಪಗಿತ್ತು. ಒಂದು ಚೊಂಬು ನೀರು ಸುರಿದು ತೊಳೆದೆ. ಯಾರಿಗೂ ಹೇಳಲಿಲ್ಲ.

ಕ್ಷಯ ಎಂಬ ಹೆಸರನ್ನು ಆ ಕಾಲದಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ‘ಆ ಬ್ಯಾನಿ’ ಅನ್ನುತ್ತಿದ್ದರು, ಅಂದು ಸೆರಗು ಮೂಗಿಗೆ ಹಿಡಿಯುತ್ತಿದ್ದರು. ನಾನು ಓದಿದ್ದು ಮೂರನೇ ಇಯತ್ತೆ, ಬರೆಯುವುದು ನನ್ನ ಕೆಲಸವಲ್ಲ. ಆದರೆ ಮೊನ್ನೆ ನಮ್ಮ ಓಣಿಯ ಒಬ್ಬ ಸೊಸೆಗೆ ಅದೇ ಬೇನೆ ಎಂದು ಗೊತ್ತಾಯಿತು. ಮನೆಯವರು ಲೋಟ ತಾಟು ಬೇರೆ ಇಟ್ಟರಂತೆ, ಅವಳು ಉಣ್ಣದೆ ಅಳುತ್ತ ಕೂತಳಂತೆ. ಲೋಟ ಬೇರೆ ಇಟ್ಟದ್ದಕ್ಕೆ ಅಳಬೇಡ ತಂಗಿ, ಲೋಟದೊಳಗೆ ಏನಿದೆ ನೋಡು ಎಂದು ಅವಳಿಗೆ ಹೇಳಬೇಕು. ಅದಕ್ಕೆ ಬರೆಯುತ್ತಿದ್ದೇನೆ.

ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಕೆಲವು ವರ್ಷ ಆಗಿತ್ತು. ನಮ್ಮ ಮನೆಯವರು ಅಲ್ಲಿ ಬಿದಿರು ಕೊಚ್ಚುವ ಯಂತ್ರದ ಮೇಲೆ ಕೆಲಸಕ್ಕಿದ್ದರು. ಗಂಡನ ಹೆಸರು ಬರೆಯುವುದಿಲ್ಲ. ಇಷ್ಟು ವರ್ಷ ಬಾಯಲ್ಲಿ ಹೇಳದ್ದನ್ನು ಈಗ ಕಾಗದದ ಮೇಲೆ ಯಾಕೆ ಹೇಳಲಿ? ಗಿರಣಿ ಕೆಲಸಗಾರರ ಮನೆಗಳ ಲೈನಿನಲ್ಲಿ ಎರಡು ಖೋಲಿಯ ಮನೆ. ಅದರಲ್ಲಿ ನಾವಿಬ್ಬರು, ಇನ್ನೂ ಸರಿಯಾಗಿ ಮಾತು ಬಾರದ ಮಗಳು ಕಸ್ತೂರಿ, ಮತ್ತು ಹಳಿಯಾಳದ ಹತ್ತಿರದ ಹಳ್ಳಿಯಿಂದ ಬಂದು ನಮ್ಮ ಜೊತೆ ನಿಂತ ಅತ್ತೆ ಗುರುಸಿದ್ದವ್ವ.

ಕೆಮ್ಮು ಬಂದಾಗ ಎಲ್ಲರೂ ಗಿರಣಿಯ ವಾಸನೆ ಅಂದರು. ಆ ವಾಸನೆ ಬಲ್ಲವರೇ ಬಲ್ಲರು. ಕೊಳೆತ ಗಜ್ಜರಿಯ ಹಾಗೆ ಬಟ್ಟೆಗೆ, ರೊಟ್ಟಿಗೆ, ತಲೆಗೂದಲಿಗೆ ಹತ್ತುತ್ತಿತ್ತು. ನನಗೂ ಅದೇ ಬೇಕಿತ್ತು. ವಾಸನೆಗೆ ಬಂದ ಕೆಮ್ಮಾದರೆ ಗಾಳಿ ತಿರುಗಿದಾಗ ಹೋಗುತ್ತದೆ.

ಅತ್ತೆಗೆ ಮಾತ್ರ ಗಾಳಿಯ ಮೇಲೆ ನಂಬಿಕೆ ಇರಲಿಲ್ಲ. ಒಂದು ಮುಂಜಾನೆ ರಕ್ತ ಒರೆಸಿ ನಾನು ಬಚ್ಚಿಟ್ಟ ಅರಿವೆ ತುಂಡು ಅವರ ಕೈಗೆ ಸಿಕ್ಕಿತು.

“ಏನಲೇ ನೀಲವ್ವ ಇದು?”

“ಹಲ್ಲಿನ ವಸಡ ಒಡದೈತ್ರಿ, ಅತ್ತಿ.”

“ವಸಡ ಒಡದ್ರ ಹನಿ ಬೀಳತೈತಿ. ಇದು ಗುಟುಕ ಬಿದ್ದೈತಿ. ನಿನ್ನ ತವರಮನ್ಯಾಗ ಯಾರಿಗರ ಇತ್ತೇನು? ಲಗ್ನದಾಗ ಮುಚ್ಚಿಟ್ರೇನು ನಿಮ್ಮಪ್ಪ?”

ನನಗೆ ರಕ್ತ ನೋಡಿ ಬಂದ ಹೆದರಿಕೆಗಿಂತ ಆ ಮಾತಿಗೆ ಬಂದ ಸಿಟ್ಟು ದೊಡ್ಡದಿತ್ತು. ಈಕೆ ನನ್ನನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಲಗ್ನ ಮಾಡುತ್ತಾಳೆ ಎಂದು ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಎದೆಯ ಫೋಟೋ ತೆಗೆಸಲು ಧಾರವಾಡದ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿ ಗೋಡೆಗುಂಟ ಕೂರಲು ಒಂದು ಉದ್ದ ಬಾಕು. ಕೂತವರೆಲ್ಲ ಸೆರಗು, ಟವೆಲ್ಲು ಬಾಯಿಗೆ ಹಿಡಿದವರೇ. ಒಬ್ಬರು ಕೆಮ್ಮಿದರೆ ಉಳಿದವರು ಮುಖ ತಿರುಗಿಸುತ್ತಿದ್ದರು, ತಮಗೆ ಬಂದದ್ದು ಬೇರೇನೋ ಎಂಬಂತೆ. ನಾನೂ ತಿರುಗಿಸಿದೆ. ಪಕ್ಕದಲ್ಲಿ ಕೂತ ದಪ್ಪ ಹೆಂಗಸು ಮಾತ್ರ ನನ್ನ ಕಡೆ ಸರಿದು, “ನಿಮದೂ ಅದೇನ್ರಿ? ನಂದು ಎರಡನೇ ಸರತಿ. ಬಿಸಲಿಗಿ ಬರ್ರಿ, ಅಲ್ಲೆ ಥಂಡಿ ಐತಿ,” ಎಂದು ಜಾಗ ಮಾಡಿಕೊಟ್ಟಳು. ಎರಡನೇ ಸಲ ಬಂದರೂ ಅವಳು ದಪ್ಪಗಿದ್ದಳು. ಅದು ನನಗೆ ಡಾಕ್ಟರ ಮಾತಿಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ಒಳಗೆ ಕರೆದರು. ಎದೆಯ ಮೇಲೆ ಏನಿದ್ದರೂ ತೆಗೆಯಬೇಕು ಅಂದರು. ತಾಳಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ಆದರೆ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಹುಟ್ಟಿದಾಗಿನಿಂದ ಮೈಮೇಲಿದ್ದದ್ದು. ಅದನ್ನು ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ, ನೆಲಕ್ಕೆ ಇಡುವ ಹಾಗಿಲ್ಲ. ನಾನು ನಿಂತೇ ಇದ್ದೆ. ಫೋಟೋ ತೆಗೆಯುವವನಿಗೆ ಇದೆಲ್ಲ ರೂಢಿಯಿತ್ತೋ ಏನೋ, “ಮುಷ್ಟ್ಯಾಗ ಹಿಡಕೋರಿ ತಾಯಿ, ಕೈ ಬಾಜೂಕ ಇಟಗೋರಿ,” ಅಂದ. ಹಾಗೇ ಮಾಡಿದೆ. ತಣ್ಣಗಿನ ಹಲಗೆಗೆ ಬರಿಯ ಎದೆ ಒತ್ತಿ ನಿಂತಾಗ ಬಾಗಿಲ ಹೊರಗಿಂದ ಅತ್ತೆಯ ದನಿ ಕೇಳಿತು: “ಲಿಂಗ ತಗಿಸಿದ್ರು, ಶಿವನೇ. ಇನ್ನೇನೇನ ಮಾಡಸ್ತಾರೋ.”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಇನ್ನೇನೇನು ಮಾಡಿಸುತ್ತಾರೋ.

ಬಲಗಡೆಯ ಪುಪ್ಪುಸದಲ್ಲಿ ಕಲೆ ಇತ್ತು. ಔಷಧ ನಮ್ಮೂರಲ್ಲೇ ಕೊಡುತ್ತಾರೆ ಎಂದು ಚೀಟಿ ಬರೆದು ಕಳಿಸಿದರು. ನಮ್ಮೂರಿನ ಡಾಕ್ಟರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಆ ದಿನ ನಮ್ಮ ಮನೆಯವರಿಗೆ ಪಾಳಿ ಇತ್ತು. ನಾನು ಮತ್ತು ಅತ್ತೆ ಇಬ್ಬರೇ ಹೋಗಿದ್ದೆವು.

“ಗಾಬರಿ ಆಗ್ಬೇಡಿ. ಈಗ ಒಳ್ಳೆ ಔಷಧಿ ಬಂದಿದೆ,” ಅಂದರು. “ಸೂಜಿ ಹಾಕಿಸ್ಕೊಳ್ಳಿ, ಮಾತ್ರೆ ನುಂಗಿ. ಆದ್ರೆ ಹೊಟ್ಟೆಗೆ ಸೇರ್ಬೇಕು, ತೂಕ ಬರ್ಬೇಕು. ಗಟ್ಟಿ ಊಟ ಸೇರದಿದ್ರೆ ದಿನಾ ಎರಡು ಹೊತ್ತು ಸೂಪು ಕುಡಿಸಿ.”

ಅತ್ತೆ ಗೋಣು ಹಾಕಿದರು. ಹೊರಗೆ ಬಂದಮೇಲೆ, “ಸೋಪು ಅಂತ! ಇದಕ್ಕ ಇಷ್ಟ ದೊಡ್ಡ ಡಾಕ್ಟರ ಯಾಕ ಬೇಕಿತ್ತು? ನಮ್ಮ ಡಬ್ಬ್ಯಾಗ ಐತಿ,” ಅಂದರು.

ಸೂಪು ಎಂಬುದನ್ನು ನಾವಿಬ್ಬರೂ ಅದುವರೆಗೆ ಕೇಳಿರಲಿಲ್ಲ. ನಮಗೆ ಗೊತ್ತಿದ್ದದ್ದು ಸೋಪು, ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಬಡೇಸೋಪು. ಅವತ್ತಿನಿಂದ ಎರಡೂ ಹೊತ್ತು ಬಡೇಸೋಪು ಕುದಿಸಿದ ನೀರು. ಹಳದಿ ನೀರು, ಮೇಲೆ ತೇಲುವ ಕಾಳು. ಹೊಟ್ಟೆ ಹಸಿದು ಕೂಗುತ್ತಿತ್ತು, ಅನ್ನ ಕಂಡರೆ ಮಾತ್ರೆಯ ದೆಸೆಯಿಂದ ವಾಕರಿಕೆ ಬರುತ್ತಿತ್ತು. ಸೂಜಿ ಹಾಕಿಸಿಕೊಂಡರೆ ಕಿವಿಯಲ್ಲಿ ದುಂಬಿ ಹೊಕ್ಕಂತೆ ಗುಂಯ್ ಅನ್ನುತ್ತಿತ್ತು. ಇವತ್ತಿಗೂ ಯಾರಾದರೂ ಊಟದ ಮೇಲೆ ಬಡೇಸೋಪಿನ ತಟ್ಟೆ ಮುಂದೆ ಹಿಡಿದರೆ ನಾನು ಎದ್ದು ಹೋಗುತ್ತೇನೆ.

ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರು, “ಸೂಪು ಕುಡೀತಿದ್ದೀರಾ?” ಎಂದು ಕೇಳಿದರು. “ಎರಡೂ ಹೊತ್ತು ಕುಡಿತೇನ್ರಿ,” ಅಂದೆ. “ಒಳ್ಳೇದು,” ಅಂದರು. ತೂಕ ಇಳಿದಿತ್ತು. ಮುಂದಿನ ಸಲ ಇನ್ನೂ ಇಳಿಯಿತು. ಆಗ ಅವರು ಕನ್ನಡಕ ತೆಗೆದು ಅತ್ತೆಯನ್ನು ನೋಡಿದರು.

“ಸೂಪಿಗೆ ಏನೇನು ಹಾಕ್ತೀರಮ್ಮ?”

“ಏನ ಹಾಕೂದರಿ, ಸೋಪು, ನೀರು. ಒಂದೀಟ ಕಲ್ಲಸಕ್ಕರಿ.”

ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. “ಸೋಪು ಕುದಿಸಿ ಕುಡಿಸ್ತಿದ್ದೀರಾ? ಮೈ ತೊಳ್ಕೊಳ್ಳೋ ಸೋಪಾ?”

“ಮೈ ತೊಳ್ಕೊಳ್ಳೂದು ಸಾಬಾಣರಿ!” ಅತ್ತೆಯೂ ಎದ್ದು ನಿಂತರು. “ಸಾಬಾಣ ಕುಡಸಾಕ ನಾವೇನ ಹುಚ್ಚರೇನ್ರಿ? ಸೋಪು ಕೊಡ್ರಿ ಅಂತ ನೀವ ಹೇಳೀರಿ!”

ನರ್ಸಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ನಕ್ಕು, ಮೈಸೂರಿನವರ ಸೋಪು ಯಾವುದು, ಧಾರವಾಡ ಸೀಮೆಯ ಸೋಪು ಯಾವುದು ಎಂದು ಡಾಕ್ಟರಿಗೆ ಬಿಡಿಸಿ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ, “ಸೂಪು ಅಂದ್ರ ಸಾರಿನಂಥಾದ್ದು, ಅಜ್ಜೀ. ಎಲಬ ಕುದಿಸಿ ಮಾಡಿದ್ರಂತೂ ಮೈ ಲಗೂನ ಹಿಡಿತೈತಿ,” ಅಂದಳು.

ಅತ್ತೆ, “ಶಿವ ಶಿವಾ!” ಎಂದು ಎದೆಯ ಮೇಲಿನ ಲಿಂಗಕ್ಕೆ ಕೈ ಒತ್ತಿಕೊಂಡರು. “ನಮ್ಮ ಮುಂದ ಆ ಮಾತ ಆಡಬ್ಯಾಡವಾ.”

“ನಿಮಗೆ ಬೇಳೆದು ಸಾಕು,” ಅಂದರು ಡಾಕ್ಟರು. “ಆದ್ರೆ ನೀರಿನ ಹಾಗಿರಬಾರದು. ಗಟ್ಟಿಯಾಗಿರಬೇಕು, ರುಚಿಯಾಗಿರಬೇಕು. ರುಚಿ ಇಲ್ಲದಿದ್ರೆ ಇವರು ಕುಡಿಯಲ್ಲ.”

ಅಷ್ಟು ಹೊತ್ತಿಗೆ ಪಾಳಿ ಮುಗಿಸಿ ನಮ್ಮ ಮನೆಯವರು ಬಂದರು. ಡಾಕ್ಟರು ಅವರನ್ನು ವರಾಂಡದ ಮೂಲೆಗೆ ಕರೆದೊಯ್ದು ಏನೋ ಹೇಳಿದರು. ಕಿಟಕಿಯಿಂದ ನೋಡಿದೆ. ಇವರು ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದರು. ಒಮ್ಮೆ ನನ್ನ ಕಡೆ ನೋಡಿ ಥಟ್ಟನೆ ಮುಖ ತಿರುಗಿಸಿದರು. ಮನೆಗೆ ಬಂದಮೇಲೆ ಕೇಳಿದೆ.

“ಏನಂದ್ರು ಡಾಕ್ಟರು?”

“ಏನಿಲ್ಲ ಬಿಡು. ನನ್ನ ವಿಚಾರ.”

ನನಗೆ ಬೇನೆ, ವಿಚಾರ ಇವರದಂತೆ. ನಂಬುವ ಮಾತೇ? ನಾನು ಕೂಡಿಸಿ ನೋಡಿದೆ. ಮೊದಲು ಲಿಂಗ ತೆಗೆಸಿದರು. ಆಮೇಲೆ ಎಲುಬಿನ ಮಾತು ಬಂತು. ಈಗ ಮರೆಯಲ್ಲಿ ಪಿಸುಪಿಸು.

ಬೇಳೆಯ ಸೂಪು ಶುರುವಾಯಿತು. ಹೆಸರುಬೇಳೆ ಬೇಯಿಸಿ ನೀರು ಹಾಕಿ ಕದಡಿದ್ದು. ಲೋಟ ಕೈಗೆ ಬರುವ ಹೊತ್ತಿಗೆ ಮೇಲೆ ತಿಳಿ ನೀರು, ಕೆಳಗೆ ಗಸಿ. ಮೊದಲ ಗುಟುಕು ತೊಳೆದ ನೀರು ಕುಡಿದಂತೆ, ಕಡೆಯ ಗುಟುಕು ಮಣ್ಣು ನುಂಗಿದಂತೆ. ಉಪ್ಪಿನದಂತೂ ಕೇಳಬೇಡಿ. ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಅತ್ತೆ ಒಳ್ಳೆಯ ಅಡುಗೆಯವರು. ಮನೆ ತುಂಬ ಮಂದಿಗೆ ಸಾರು ಕುದಿಸಿ ಕೈಯಂದಾಜಿನಲ್ಲಿ ಉಪ್ಪು ಎಸೆದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಆದರೆ ಆ ಕೈಗೆ ದೊಡ್ಡ ಗಡಿಗೆಯ ಅಂದಾಜು ಮಾತ್ರ ಗೊತ್ತಿತ್ತು, ಒಬ್ಬಳ ಲೋಟದ ಅಂದಾಜು ಗೊತ್ತಿರಲಿಲ್ಲ. ರುಚಿ ನೋಡಿ ಹಾಕಬಹುದಿತ್ತು. ನೋಡುವ ಹಾಗಿರಲಿಲ್ಲ. ಲಿಂಗಕ್ಕೆ ಎಡೆ ತೋರಿಸುವ ಮೊದಲು ಅಡುಗೆ ಬಾಯಿಗೆ ಹಾಕಿ ಎಂಜಲು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಎಡೆ ಆದಮೇಲೆ ನೋಡೋಣವೆಂದರೆ ಅದು ನನ್ನ ಪಾತ್ರೆ. ಆ ಪಾತ್ರೆ ಬೇರೆ, ಸೌಟು ಬೇರೆ, ಲೋಟ ಬೇರೆ. ಲೋಟಕ್ಕೆ ಗುರುತಿಗೆಂದು ಅಂಚಿನಲ್ಲಿ ಒಂದು ನೆಗ್ಗು ಹೊಡೆದಿದ್ದರು. ಅತ್ತೆ ಅದನ್ನು ಕೂಸು ಮುಟ್ಟದಷ್ಟು ಎತ್ತರದ ಗೂಡಿನಲ್ಲಿ ಇಡುತ್ತಿದ್ದರು. ಹೀಗೆ ಆ ಮನೆಯಲ್ಲಿ ನಾನು ಕುಡಿಯುವುದು ಹೇಗಿದೆ ಎಂದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವರು ಕೇಳಲೂ ಇಲ್ಲ.

ಅಂಥಾದ್ದರಲ್ಲಿ ಒಂದು ದಿನ ಸೂಪು ಬದಲಾಯಿತು.

ಲೋಟ ಬಾಯಿಗಿಟ್ಟೆ. ಗಸಿ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ನುಣ್ಣಗೆ ನಾಲಿಗೆಯ ಮೇಲೆ ಜಾರಿತು. ಗಂಟಲಿಗೆ ಬೆಚ್ಚಗೆ ಹತ್ತಿಕೊಂಡು ಇಳಿಯಿತು. ಮೂಗಿಗೆ ಸುಟ್ಟ ವಾಸನೆ, ಒಂಥರಾ ಸಿಹಿ ಬೆರೆತ ಹೊಗೆ. ಕುಡಿದು ಮುಗಿಸಿದಾಗ ತುಟಿಗೆ ತುಟಿ ಅಂಟಿತು.

ಬೇನೆ ಬಂದಮೇಲೆ ಮೊದಲ ಸಲ ಇನ್ನೊಂದು ಲೋಟ ಬೇಕು ಅನ್ನಿಸಿತು. ಆಗಲೇ ನಾಲಿಗೆಯಿಂದ ತುಟಿ ಸವರಿ ನೋಡಿದೆ. ತುಟಿ ಯಾಕೆ ಅಂಟಿತು? ಬೇಳೆಗೆ ತುಟಿ ಅಂಟುವುದಿಲ್ಲ. ಗಿರಣಿಯ ಲೈನಿನಲ್ಲಿ ಎಲ್ಲ ಜಾತಿಯವರೂ ಇದ್ದರು. ಆದಿತ್ಯವಾರ ಪಕ್ಕದ ಮನೆಗಳಿಂದ ಬರುವ ಹೊಗೆಯ ವಾಸನೆ ನನಗೆ ಗೊತ್ತಿತ್ತು. ಇದು ಅದೇ ಅನ್ನಿಸಿತು.

ಮರುದಿನ ಕಣ್ಣಿಟ್ಟು ಕೂತೆ. ಅತ್ತೆ ಒಲೆ ಹಚ್ಚಿದರು. ಸೂಪಿನ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚಿದರು. ಅದುವರೆಗೆ ಎಂದೂ ಮುಚ್ಚಿದವರಲ್ಲ. ಸಂತೆಯ ದಿನ ಹಿತ್ತಲಿಗೆ ತುಳಸಾಬಾಯಿ ಬಂದಳು. ಕುಂಬಾರವಾಡದ ಕಡೆಯ ಕುಣಬಿ ಹೆಂಗಸು, ಕಾಡಿನ ಜೇನು, ಗೆಡ್ಡೆ, ಮುರುಗಲ ಹಣ್ಣು ತಂದು ಮಾರುವವಳು. ಅವಳ ಮನೆಯಲ್ಲಿ ಎಲ್ಲ ತಿನ್ನುತ್ತಾರೆ. ಎಲೆಯಲ್ಲಿ ಸುತ್ತಿದ ಗಂಟೊಂದನ್ನು ಅತ್ತೆಯ ಕೈಗೆ ಕೊಟ್ಟಳು. ಇಬ್ಬರೂ ತಲೆಗೆ ತಲೆ ಹಚ್ಚಿ ಮಾತಾಡಿದರು. ನಾನು ಬಾಗಿಲಿಗೆ ಬಂದದ್ದು ಕಂಡು ಅತ್ತೆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ನನಗೆ ಇನ್ನೇನು ಬೇಕಿತ್ತು? ಆವತ್ತಿನಿಂದ ಸೂಪು ಕುಡಿಯುವುದು ಬಿಟ್ಟೆ. ಬಾಯಿ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಒಯ್ದು ಮೋರಿಗೆ ಸುರಿಯುತ್ತಿದ್ದೆ. ಒಂದು ದಿನ ಸುರಿದಾಗ ಕೊನೆಯಲ್ಲಿ ಏನೋ ಬಿದ್ದಿತು. ಬೆರಳ ತುದಿಯಷ್ಟು, ಬಿಳಿ, ಒಂದು ಕಡೆ ಗುಂಡಗೆ, ಗಟ್ಟಿ. ಎತ್ತಿ ಅರಿವೆಯಲ್ಲಿ ಕಟ್ಟಿ ಹಾಸಿಗೆಯ ಕೆಳಗೆ ಇಟ್ಟೆ. ಮೋರಿಯ ಹೊರಬಾಯಿಗೆ ಲೈನಿನ ಕೆಂಚ ನಾಯಿ ದಿನಾ ಬಂದು ಕೂರತೊಡಗಿತು. ಸೂಪಿನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ನೆಕ್ಕಿ ಬಾಲ ಅಲ್ಲಾಡಿಸುತ್ತಿತ್ತು. ಬೇಳೆಗೆ ನಾಯಿ ಬರುತ್ತದೆಯೇ?

ಮುಂಜಾನೆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಬಾಯಿಗೆ ಮಂತ್ರವೇ ಬರುತ್ತಿರಲಿಲ್ಲ. ಗೊತ್ತಿಲ್ಲದೆ ಕುಡಿದದ್ದು ಎಷ್ಟು ದಿನದ್ದೋ. ಹಸಿವು ಮಾತ್ರ ಸುಮ್ಮನಿರಲಿಲ್ಲ. ಆ ಸುಟ್ಟ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತಿತ್ತು. ನೀರೂರಿದ್ದಕ್ಕೆ ನನ್ನ ಮೇಲೇ ಹೇಸಿಗೆ ಬರುತ್ತಿತ್ತು.

ಮುಂದಿನ ಸಲ ತೂಕದ ಯಂತ್ರದ ಮೇಲೆ ನಿಂತಾಗ ಡಾಕ್ಟರು ಮುಳ್ಳನ್ನು ಎರಡು ಸಲ ನೋಡಿದರು.

“ಇದು ಸರಿಯಿಲ್ಲ. ಮುಂದಿನ ಸಲಾನೂ ಹೀಗೇ ಆದ್ರೆ ಮನೇಲಿಟ್ಟು ನೋಡೋದು ಆಗಲ್ಲ. ಸ್ಯಾನಿಟೋರಿಯಮ್ಮಿಗೆ ಕಳಿಸ್ತೀನಿ. ಅಲ್ಲಿ ಎಷ್ಟು ತಿಂಗಳೋ ಹೇಳಕ್ಕಾಗಲ್ಲ. ಮಗೂನ ಕರ್ಕೊಂಡು ಹೋಗೋ ಹಾಗಿಲ್ಲ.”

ಲೈನಿನಿಂದ ಒಬ್ಬ ಫಿಟ್ಟರನ ಹೆಂಡತಿ ಹಾಗೆ ಹೋಗಿದ್ದಳು. ಅವಳ ಟ್ರಂಕು ಮಾತ್ರ ತಿರುಗಿ ಬಂದಿತ್ತು.

ಮನೆಗೆ ಬಂದು ಕೂತೆ. ಕಸ್ತೂರಿ ನಡುಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಚಾಚಿದಳು. ಒಳಗೆ ಬಿಡುತ್ತಿರಲಿಲ್ಲ. ಆ ಹೊತ್ತಿಗೇ ಅತ್ತೆ ನೆಗ್ಗು ಲೋಟ ಹಿಡಿದು ಬಂದರು. ಹೊಗೆಯಾಡುತ್ತಿತ್ತು. ಹಸಿವು ತಡೆಯದೆ ಒಂದು ಗುಟುಕು ಕುಡಿದೇಬಿಟ್ಟೆ. ಕುಡಿದು ಲೋಟ ನೆಲಕ್ಕಿಟ್ಟೆ.

“ಯಾಕ, ಕುಡಿಯವಲ್ಲಿ?”

“ಕುಡ್ಯಂಗಿಲ್ಲ.”

“ಕುಡ್ಯಂಗಿಲ್ಲಂದ್ರ? ಡಾಕ್ಟರ ಮಾತ ಕೇಳಿದಿಲ್ಲ? ಕೂಸಿನ ಬಿಟ್ಟ ಹೋಗಾಕಿ ಏನು?”

“ಹೋಗಲಿ ಅಂತನ ನೀವು ಮಾಡಾಕತ್ತೀರಿ. ನನ್ನ ಕುಲಾ ಕೆಡಿಸಿ ಕಳಸಾಕತ್ತೀರಿ. ಇದ್ರಾಗ ಎಲಬ ಹಾಕೀರಿ ನೀವು.”

ಅತ್ತೆ ನನ್ನನ್ನೇ ನೋಡಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಹಾಸಿಗೆಯ ಕೆಳಗಿನಿಂದ ಅರಿವೆಯ ಗಂಟು ತೆಗೆದು ಅವರ ಮುಂದೆ ಬಿಚ್ಚಿದೆ.

“ಇದೇನ್ರಿ? ನನ್ನ ಲೋಟದಾಗ ಸಿಕ್ಕಿದ್ದು. ಬಾಗಲಾ ಮುಚ್ಚಿ ಏನ ಕುದಿಸ್ತೀರಿ? ತುಳಸಾಬಾಯಿ ಏನ ತಂದ ಕೊಡತಾಳ? ಮೋರಿಗಿ ನಾಯಿ ಯಾಕ ಬರತೈತಿ?”

“ಮೋರಿಗಿ ನಾಯಿ ಬರತೈತಿ?” ಅತ್ತೆಯ ಹುಬ್ಬು ಮೇಲೆ ಹೋಯಿತು. “ಅಂದ್ರ ನಾಯಿಗಿ ಕುಡಸಾಕತ್ತೀಯೇನ ಇಷ್ಟ ದಿನ? ನಾ ಮಾಡಿದ್ದನ್ನ?”

ಒಣಗಿ ಕಲ್ಲಾಗಿದ್ದ ಆ ತುಂಡನ್ನು ಎತ್ತಿ ಉಗುರಿನಿಂದ ಕೆರೆದರು. ಪುಡಿ ಪುಡಿ ಉದುರಿತು. “ಎಲಬ ಹಿಂಗ ಉದರತೈತೇನ, ಹುಚ್ಚಿ? ಕಾಡಗೆಣಸಲೇ ಇದು. ತುಳಸಾಬಾಯಿ ಕೋನ್ ಅಂತಾಳ. ಒಳಕಲ್ಲಾಗ ಅರಿಯೂ ಮುಂದ ಒಂದ ತುಂಡ ಉಳದೈತಿ, ಅವತ್ತ ಸೋಸೂದ ಮರತಿರಬೇಕು.”

ನಾನು ನಂಬಲಿಲ್ಲ. ನಿಜ ಹೇಳುತ್ತಿದ್ದೇನೆ, ಪುಡಿ ಕಣ್ಣೆದುರಿಗೇ ಉದುರಿದರೂ ನಂಬಲಿಲ್ಲ. “ಹಂಗಾರ ನೀವು ಕುಡದ ತೋರಸ್ರಿ,” ಅಂದೆ.

ನಾನು ಅಂದದ್ದು ಪಾತ್ರೆಯಲ್ಲಿ ಉಳಿದದ್ದನ್ನು. ಅವರು ಒಳಗೆ ಹೋಗಿ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಅತ್ತೆ ಬಗ್ಗಿ ನನ್ನ ಮುಂದಿನ ನೆಗ್ಗು ಲೋಟವನ್ನೇ ಎತ್ತಿದರು. ಎಡಗೈಯಲ್ಲಿ ಕೊರಳಿನ ಲಿಂಗ ಹಿಡಿದುಕೊಂಡರು.

“ಅತ್ತೀ, ಅದು ನನ್ನ ಲೋಟರಿ! ನಾ ಬಾಯಿ ಹಚ್ಚೇನಿ!”

ಅವರು ಗಟಗಟ ಕುಡಿದರು. ತಳ ಕಾಣುವವರೆಗೆ ಕುಡಿದರು. ಲೋಟ ಕೆಳಗಿಳಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಮುಖ ಹುಳ್ಳಗಾಯಿತು.

“ಉಪ್ಪ ಎಲ್ಲೈತಲೇ ಇದ್ರಾಗ?”

ತಳದ ಹನಿಯನ್ನು ಬೆರಳಿನಿಂದ ಬಳಿದು ನಾಲಿಗೆಗಿಟ್ಟರು.

“ಒಂದ ಕಾಳ ಉಪ್ಪಿಲ್ಲ. ಇದನ್ನ ಹೆಂಗ ಕುಡದಿ? ಹೇಳಬಾರದೇನ ಬಾಯಿಬಿಟ್ಟ?”

“ನೀವು ಕೇಳಿದ್ರೇನ್ರಿ?”

“ಕೇಳಲಿಲ್ಲ ಖರೆ.” ಲೋಟ ಹಿಡಿದುಕೊಂಡು ಒಳಗೆ ಹೋದರು. ಉಪ್ಪಿನ ಗಡಿಗೆಯ ಮುಚ್ಚಳದ ಸದ್ದು ಕೇಳಿತು. ಮತ್ತೆ ಬಂದಾಗ ಲೋಟ ತುಂಬಿತ್ತು. ಬಾಗಿಲಲ್ಲಿ ನಿಂತು ಇನ್ನೊಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ ನುಂಗಿ, “ಈಗ ಸರಿ ಆತು,” ಎಂದು ನನ್ನ ಕೈಗೆ ಕೊಟ್ಟರು.

ನಾನು ಕುಡಿದೆ. ಆ ರುಚಿಯನ್ನು ಏನು ಬರೆಯಲಿ? ಉಪ್ಪು ಸರಿಯಿತ್ತು.

ಆಮೇಲೆ ಎಲ್ಲ ಬಾಯಿಬಿಟ್ಟರು. ನಾನು ಹಿತ್ತಲಲ್ಲಿ ಕೂತು ಕೆಮ್ಮುವುದನ್ನು ತುಳಸಾಬಾಯಿ ನೋಡಿದ್ದಳಂತೆ. “ಆಯೀ, ನೀರ ಕುಡದ ಯಾರ ದಪ್ಪ ಆಗ್ಯಾರ? ಇದನ್ನ ಹಾಕು,” ಎಂದು ಗೆಣಸು ಕೊಟ್ಟಳಂತೆ. ಮರೆಮಾಡಿದ್ದು ಯಾಕೆಂದರೆ, ರೋಗಿಷ್ಟ ಸೊಸೆಗೆ ಕಾಡಿನ ಬೇರು ತಿನ್ನಿಸುತ್ತಾಳೆ ಎಂದು ನಾನು ತವರಿಗೆ ಹೇಳಿ ಕಳಿಸುತ್ತೇನೆ ಎಂಬ ಅನುಮಾನ ಅವರಿಗೆ. ಬಾಗಿಲು ಮುಚ್ಚಿದ್ದು ಕೆಂಡದಲ್ಲಿ ಸುಡುವ ಉಳ್ಳಾಗಡ್ಡಿಯ ಹೊಗೆಗೆ. ಹೊಗೆ ಬಂದರೆ ನನಗೆ ಕೆಮ್ಮು ಏಳುತ್ತದೆ ಎಂದು ತಾವೊಬ್ಬರೇ ಒಳಗೆ ಕೂತು ಕಣ್ಣು ಉರಿಸಿಕೊಳ್ಳುತ್ತಿದ್ದರು. ಇನ್ನು ವರಾಂಡದ ಪಿಸುಮಾತು. ನಮ್ಮ ಮನೆಯವರನ್ನು ಅತ್ತೆಯೇ ಗದರಿಸಿ ಕೇಳಿದರು. ಮನೆಯೊಳಗೆ ಬೀಡಿ ಸೇದಬೇಡ ಎಂದು ಡಾಕ್ಟರು ಬೈದಿದ್ದರಂತೆ. ತಾಯಿಯ ಮುಂದೆ ಬೀಡಿಯ ಮಾತು ಹೇಗೆ ತೆಗೆಯುವುದು ಎಂದು ಸುಮ್ಮನಿದ್ದರಂತೆ. ನಾಯಿಯ ಸಂಗತಿ ಮಾತ್ರ ಇನ್ನೂ ತಿಳಿದಿಲ್ಲ. ನಾಯಿಗೂ ರುಚಿ ಗೊತ್ತಾಗುತ್ತದೆ ಎಂದು ಕಾಣುತ್ತದೆ.

ನಮ್ಮ ಓಣಿಯ ಆ ಹುಡುಗಿಗಾಗಿ ಬರೆಯುತ್ತೇನೆ, ಓದಿ ಮಾಡಿಸಿಕೋ. ಹೆಸರುಬೇಳೆಯನ್ನು ಮೊದಲು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು, ಆಮೇಲೆ ಬೇಯಿಸಬೇಕು. ಹುರಿಯದ ಬೇಳೆಗೆ ಹಸಿ ವಾಸನೆ ಇರುತ್ತದೆ, ಮಾತ್ರೆ ನುಂಗುವವರಿಗೆ ಅದು ಆಗದು. ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹುಗಿದು, ಹೊರಗೆ ಕರ್ರಗಾದಮೇಲೆ ಸಿಪ್ಪೆ ತೆಗೆದು ಜಜ್ಜಬೇಕು. ಎಲುಬಿನ ಘಮಲು ಎಂದು ನಾನು ಹೆದರಿದ್ದು ಅದಕ್ಕೇ. ಗೆಣಸು ಬೇಯಿಸಿ ನುಣ್ಣಗೆ ಅರೆದು ಕೂಡಿಸಿದರೆ ಬೇಳೆ ತಳಕ್ಕೆ ಕೂರುವುದಿಲ್ಲ, ನೀರು ಮೇಲೆ ನಿಲ್ಲುವುದಿಲ್ಲ. ಕಾಡಗೆಣಸು ಸಿಗದಿದ್ದರೆ ಬಟಾಟೆ ನಡೆಯುತ್ತದೆ, ಆದರೆ ತುಟಿ ಅಂಟುವುದಿಲ್ಲ. ತೆಳು ಅರಿವೆಯಲ್ಲಿ ಸೋಸಬೇಕು. ಜೀರಿಗೆ, ಮೆಣಸು, ಒಂದು ಚಮಚೆ ತುಪ್ಪ. ಉಪ್ಪು ಕಡೆಗೆ. ಉಪ್ಪು ಹಾಕಿದವರು ಕುಡಿದು ನೋಡಬೇಕು. ಕುಡಿದು ನೋಡದ ಸೂಪು ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ ಮೋರಿಗೆ ಹೋಗುತ್ತದೆ.

ಮುಂದಿನ ಸಲ ತೂಕದ ಮುಳ್ಳು ಇಳಿಯಲಿಲ್ಲ. ಅದರ ಮುಂದಿನ ಸಲ ಏರಿತು. ಡಾಕ್ಟರು ಸ್ಯಾನಿಟೋರಿಯಮ್ಮಿನ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ನನ್ನ ಅನುಮಾನವೇನೂ ಬೇನೆಯ ಜೊತೆ ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಆ ದಿನದಿಂದ ಅತ್ತೆ ಕೆಮ್ಮಿದರೆ ನಾನು ಉಸಿರು ಹಿಡಿದು ಕೇಳುತ್ತಿದ್ದೆ. ಒಣ ಕೆಮ್ಮೋ, ಕಫದ ಕೆಮ್ಮೋ? ಅವರು ಉಗುಳಿದ ಕಡೆ ಹೋಗಿ ನೋಡುತ್ತಿದ್ದೆ. ಅವರು ಒಂದು ರೊಟ್ಟಿ ಕಡಿಮೆ ಉಂಡರೆ ಎಣಿಸುತ್ತಿದ್ದೆ. ಒಮ್ಮೆ ಸಿಕ್ಕಿಬಿದ್ದೆ.

“ಏನಲೇ, ಬಚ್ಚಲದಾಗ ಬಗ್ಗಿ ಏನ ನೋಡಾಕತ್ತಿ?”

“ಏನಿಲ್ರಿ.”

“ನಾನೂ ನಿಂದ ಹಂಗ ನೋಡತಿದ್ದೆ. ನೋಡು, ನೋಡು.”

ನನ್ನ ಸೂಜಿಗಳೆಲ್ಲ ಮುಗಿದು, ಕಡೆಯ ಫೋಟೋಕ್ಕೆ ಧಾರವಾಡಕ್ಕೆ ಹೋಗುವಾಗ ಅತ್ತೆಯನ್ನೂ ಎಳೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದರು. ನಾನು ಬಿಡಲಿಲ್ಲ. ಅದೇ ಬಾಕಿನ ಮೇಲೆ ಬಿಸಿಲಿದ್ದ ಕಡೆ ಕೂತೆವು. ನನ್ನ ಕಲೆ ಒಣಗಿತ್ತು. ಆಮೇಲೆ 'ಗುರುಸಿದ್ದವ್ವ' ಎಂದು ಕೂಗಿದರು. ಅತ್ತೆ ತಾವೇ ಕರಡಿಗೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದರು. ಆ ಬಾಗಿಲು ಮುಚ್ಚಿದ್ದಾಗ ಹೆದರಿದಷ್ಟು ನನ್ನದೇ ಫೋಟೋ ತೆಗೆಸುವಾಗಲೂ ನಾನು ಹೆದರಿರಲಿಲ್ಲ.

ಚೀಟಿ ಬಂತು. ಓದಿಸಿಕೊಂಡು ಬಂದೆ.

“ಏನ ಕಂಡ್ತಂತ ನನ್ನ ಎದ್ಯಾಗ?”

“ಏನೂ ಇಲ್ಲಂತರಿ.”

“ಏನೂ ಇಲ್ಲ? ಹುಟ್ಟಿದಾಗಿಂದ ಅಲ್ಲೆ ಲಿಂಗ ಐತಿ. ಅದೂ ಕಾಣಲಿಲ್ಲಂತೇನ ಅವಂಗ?”

“ಲಿಂಗ ನಿಮ್ಮ ಮುಷ್ಟ್ಯಾಗಿತ್ತಲ್ರಿ, ಅತ್ತಿ.”

“ಹಂಗಾರ ಸರಿ,” ಎಂದು ಎದ್ದರು.

ಮನೆಗೆ ಬಂದಮೇಲೆ ನಾನು ಒಲೆ ಹಚ್ಚಿದೆ. ಬೇನೆ ಬಂದಮೇಲೆ ಅಡುಗೆಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲು ತೆರೆದೇ ಇಟ್ಟು ಉಳ್ಳಾಗಡ್ಡಿ ಸುಟ್ಟೆ, ಬೇಳೆ ಹುರಿದೆ, ಗೆಣಸು ಅರೆದೆ. ಬಗ್ಗಿಸಲು ಗೂಡಿನಲ್ಲಿ ಕೈಗೆ ಸಿಕ್ಕಿದ್ದು ನೆಗ್ಗು ಲೋಟ. ಅದರಲ್ಲೇ ತುಂಬಿಸಿ ಅತ್ತೆಯ ಮುಂದೆ ಹಿಡಿದೆ.

ಅವರು ಲೋಟ ತೆಗೆದುಕೊಳ್ಳಲಿಲ್ಲ. ಬಗ್ಗಿ ಮೂಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಗಲಿಲ್ಲ.

“ಬಾಯಿ ಹಚ್ಚಿ, ನೀ ಮದಲ ಕುಡಿ.”

ನಾನು ಬಾಯಿ ಹಚ್ಚಿ ಕುಡಿದೆ. ಅವರು ಲೋಟ ಇಸಿದುಕೊಂಡು, ನಾನು ಕುಡಿದ ಕಡೆಗೇ ತುಟಿ ಇಟ್ಟು ಕುಡಿದರು.

“ಉಪ್ಪ ಹೆಚ್ಚಾತು,” ಅಂದರು.